ಬಾರ್ ಆಮ್ಯಾಲ, ಮೊದಲ ತಳ ನೋಡ್ರಿ

ನಮ್ಮ ಅಕ್ಕನ ಮಗ ಕಲಬುರಗಿದಾಗ ಒಂದು ಹಳೇ ಹೋಂಡಾ ಸಿಟಿ ವಿಟೆಕ್ ಇಟ್ಟಾನ. 106 ಹಾರ್ಸ್‌ಪವರಿನ ಗಾಡಿ. 2000ರ ಆಜೂಬಾಜೂ ಇದು ಬಂದಾಗ ಹುಡುಗುರು ಇದರ ಹಿಂದ ಹುಚ್ಚಾಗಿದ್ರು. ಈಗ ಅದರ ಬಾಡಿ ಗಟ್ಟಿ ಮಾಡಸ್ತೀನಂತ ರೊಕ್ಕ ಕೂಡಿಸ್ಲತಾನ. "ಅಷ್ಟು ರೊಕ್ಕದಾಗ ಅಡಗಿಮನಿ ಕಟ್ಟಿ ಹೊಸಾದು ಆಗ್ತಿತ್ತು" ಅಂತಾರ ನಮ್ಮ ವೈನಿಗೋಳು. ನಾ ಹುಡುಗನ ಕಡಿನೇ ಇದೀನಿ. ಆದ್ರ ಅವ ಹಿಡಿದ ದಾರಿ ಉಲ್ಟಾ ಅದ.

ಲಾರಿಗಿ ಕೆಳಗ ಬ್ಯಾರೆ ಚಾಸಿ ಇರ್ತದ, ಅದರ ಮ್ಯಾಲ ಬಾಡಿ ಕೂಡಿಸ್ತಾರ. ಈ ಕಾರಿಗಿ ಹಂಗಿಲ್ರಿ. ತಳ, ಛತ್ತು, ಕಂಬ, ಬಾಗಲದ ಕೆಳಗಿನ ಪಟ್ಟಿ, ಎಲ್ಲಾ ಪತ್ರಾ ಚುಕ್ಕಿ ಚುಕ್ಕಿ ವೆಲ್ಡಿಂಗ್ ಮಾಡಿ ಒಂದೇ ಡಬ್ಬಿ ಮಾಡಿರ್ತಾರ. ಆ ಡಬ್ಬಿನೇ ಚಾಸಿ. ಬಿಸ್ಕೀಟಿನ ತಗಡಿನ ಡಬ್ಬಿ ಕೈಯಾಗ ತಗೊಂಡು ತಿರುವಿ ನೋಡ್ರಿ: ಮುಚ್ಚಳ ಬಿಗಿ ಇದ್ರ ಜಗ್ಗಂಗಿಲ್ಲ, ತೆಗದ್ರ ಸೊಟ್ಟಾಗ್ತದ. ಪಟ್ಟಿ ಜಂಗ್ ತಿಂದ ಕಾರೂ ಅಷ್ಟೇ. ತಿರುವಿನಾಗ ಬಾಡಿನೇ ಸೊಟ್ಟಾದ್ರ ಗಾಲಿ ಸರಿ ಕೂಡಂಗಿಲ್ಲ, ಸ್ಟೇರಿಂಗ್ ತಡಾ ಮಾಡಿ ಕೇಳ್ತದ. ಬಾಜುದಿಂದ ಯಾವನರೆ ಬಂದು ಗುದ್ದಿದ್ರ ಆ ಪಟ್ಟಿನೇ ನಮ್ಮ ಆಸರ. ಕೆಂಬಾಳಿಹಣ್ಣು ತರ್ತೀವಂತ ಕಮಲಾಪುರಕ್ಕ ಹೊಂಟಾಗ ಹಿಂದಿನ ಸೀಟಿನಾಗ ಕೂಡೋರು ನಮ್ಮ ಮಕ್ಕಳೇ ಅಲ್ಲೇನ್ರಿ?

ಹುಡುಗ ಏನು ಮಾಡ್ಲತಾನಂದ್ರ, ಬಾನೆಟ್ ಕೆಳಗ ಹಾಕೋ ಹೊಳಿಹೊಳಿ ಸ್ಟ್ರಟ್ ಬಾರ್ ಮೊದಲ ತರಸ್ತೀನಂತಾನ. ಅದು ಎರಡೂ ಕಡಿ ಸಸ್ಪೆನ್ಷನ್ ತಲಿ ಹಿಡದು ಕೂಡಸ್ತದ, ಖರೆ. ಆದ್ರ ಕಾಲು ಹುಳಾ ತಿಂದ ಹೊರಸಿಗಿ ಹೊಸ ಹಗ್ಗ ಹೆಣದ್ರ ಏನು ಬಂತು?

ಮೊದಲ ಕಾರ್ಪೆಟ್ ಎಬ್ಬಿಸಿ ತಳ ನೋಡಬೇಕು. ಜಾಕ್ ಹಚ್ಚಿ ಒಂದು ಮೂಲಿ ಎತ್ತಿದಾಗ, ಛಂದ ಮುಚ್ಚತಿದ್ದ ಬಾಗಲ ಹಿಡಕೊಂಡ್ರ ಏನೋ ಸಡಲ ಆಗ್ಯಾದಂತ ತಿಳಕೋಬೇಕು. ಜಂಗ್ ಹಿಡದ ಪತ್ರಾ ಪೂರಾ ಕತ್ತರಿಸಿ ಹೊಸಾದು ಬೆಸಿಬೇಕು. ಪುಟ್ಟಿ ಮೆತ್ತಿ ಬಣ್ಣ ಹೊಡಿಯೋ ಮಿಸ್ತ್ರಿ ಸೋವಿ ಬೀಳ್ತಾನ, ಆದ್ರ ಪುಟ್ಟಿಗಿ ಭಾರ ಹೊರೋ ತಾಕತ್ತಿಲ್ಲ. ವೆಲ್ಡಿಂಗ್ ಮುಂಚೆ ಬ್ಯಾಟರಿ ಬಿಚ್ಚಬೇಕು, ಪೆಟ್ರೋಲ್ ಟಾಕಿ ಹತ್ರ ಇದ್ರ ಅದನ್ನೂ ಇಳಿಸಬೇಕು. ಆದ ಮ್ಯಾಲ ಪಟ್ಟಿ ಒಳಗ ಮೇಣದ ಔಷಧ ಹೊಡಿಸದಿದ್ರ ಒಳಗಿಂದನೇ ಮತ್ತ ಜಂಗ್ ಏಳ್ತದ.

ಆಮ್ಯಾಲ ರಬ್ಬರ್ ಬುಷ್. ಇಪ್ಪತ್ತು ವರ್ಷದ ರಬ್ಬರ್ ಒಣಗಿ ಸೀಳಿರ್ತದ. ಇದು ಬದಲಿಸಿದ್ರೇ ಗಾಡಿ ಎಷ್ಟೋ ಬಿಗಿ ಅನಸ್ತದ. ಬಾರಿನ ಪಾಳಿ ಇದಾದ ಮ್ಯಾಲ.

ಒಂದಕ್ಕ ಮಾತ್ರ ನಾ ಒಪ್ಪಂಗಿಲ್ಲ: ರ‍್ಯಾಲಿ ಗಾಡಿಯಂಗ ಒಳಗ ಪೈಪಿನ ಪಂಜರ ಕಟ್ಟಸೋದು. ಅವರು ಹೆಲ್ಮೆಟ್ ಹಾಕ್ಕೊಂಡು ಕೂಡ್ತಾರ. ನಮ್ಮ ಕೂಸಿನ ತಲಿ ಆ ಪೈಪಿಗಿ ಬಡದ್ರ?

ಅಕ್ಕಾ, ಅವಗ ಬೈಬ್ಯಾಡ. ರೊಕ್ಕ ಕೇಳಲಾಕ ಬಂದ್ರ, ಕಾರ್ಪೆಟ್ ಎಬ್ಬಿಸಿ ತೋರ್ಸು ಅನ್ನು.