ಡ್ರಮ್ಮರ್ ಇಲ್ಲದಿದ್ರೆ ಏನಂತೆ?

ಕಳೆದ ಸೆಮ್‌ನ ಇಂಟರ್ನಲ್ಸ್ ಹಿಂದಿನ ರಾತ್ರಿ. ಹಾಸ್ಟೆಲ್ ರೂಮಲ್ಲಿ ನಾವು ಮೂವರು, ಒಂದು ಸ್ಪೀಕರ್. ಪ್ಲೇಲಿಸ್ಟ್ ಮುಗಿದು ತಾನಾಗೇ ಯಾವುದೋ ಹಾಡು ಶುರುವಾಯ್ತು. ಒಂದು ಬೇಸ್ ಗಿಟಾರ್, ಗಡಿಯಾರದ ಥರ ಟಿಕ್ ಟಿಕ್, ತನಗೆ ತಾನೇ ಹೇಳಿಕೊಂಡಂತೆ ಹಾಡುವ ಒಂದು ಹುಡುಗಿಯ ದನಿ. "ಸ್ಪೀಕರ್ ಹೋಯ್ತಾ ಗುರೂ?" ಅಂದ ಒಬ್ಬ. ಸ್ಪೀಕರ್ ಸರಿಯಾಗೇ ಇತ್ತು. ಹಾಡಲ್ಲಿ ಇದ್ದಿದ್ದೇ ಅಷ್ಟು.

ಅದು ಯಂಗ್ ಮಾರ್ಬಲ್ ಜೈಂಟ್ಸ್ ಬ್ಯಾಂಡ್‌ನ 'ಕೊಲಾಸಲ್ ಯೂತ್'. ವೇಲ್ಸ್‌ನ ಕಾರ್ಡಿಫ್ ನಗರದ ಮೂವರ ಕೆಲಸ: ಹಾಡಿದ್ದು ಅಲಿಸನ್ ಸ್ಟಾಟನ್, ಗಿಟಾರ್ ಮತ್ತು ಆರ್ಗನ್ ಸ್ಟುವರ್ಟ್ ಮಾಕ್ಸ್‌ಹ್ಯಾಮ್, ಬೇಸ್ ಅವನ ಸೋದರ ಫಿಲಿಪ್. 1980ರಲ್ಲಿ ರಫ್ ಟ್ರೇಡ್ ಎಂಬ ಸ್ವತಂತ್ರ ಕಂಪನಿ ಹೊರತಂದ ಇದು ಅವರ ಮೊದಲ ಆಲ್ಬಂ, ಕೊನೆಯದೂ ಇದೇ. ಎರಡನೆಯದು ಮಾಡುವ ಮೊದಲೇ ಬ್ಯಾಂಡ್ ಒಡೆಯಿತು. ನಿರ್ವಾಣ ಬ್ಯಾಂಡ್‌ನ ಟೀ ಶರ್ಟ್ ಹಾಕಿದವರು ನಮ್ಮ ಕ್ಯಾಂಪಸ್ಸಲ್ಲಿ ಬೇಕಾದಷ್ಟು ಸಿಗ್ತಾರೆ. ಆ ಬ್ಯಾಂಡ್‌ನ ಕರ್ಟ್ ಕೋಬೇನ್ ತನ್ನ ಅಚ್ಚುಮೆಚ್ಚಿನ ಆಲ್ಬಂಗಳ ಪಟ್ಟಿಯಲ್ಲಿ ಇದನ್ನೂ ಬರೆದಿಟ್ಟಿದ್ದ. ಆದರೂ ನಾವು ಕೇಳಿದವರಲ್ಲಿ ಒಬ್ಬರಿಗೂ ಇದರ ಹೆಸರು ಗೊತ್ತಿರಲಿಲ್ಲ.

ನಮಗೆ ಹಿಡಿಸಿದ್ದು ಆ ಟಿಕ್ ಟಿಕ್‌ನ ಕಥೆ. ಅವರಿಗೆ ಡ್ರಮ್ಮರ್ ಇರಲಿಲ್ಲ. ಬಳಸಿದ್ದು ಡ್ರಮ್ ಮೆಷಿನ್. ಮಾಕ್ಸ್‌ಹ್ಯಾಮ್ ಸೋದರರ ಕಸಿನ್ ಒಬ್ಬ ಟೆಲಿಫೋನ್ ಎಂಜಿನಿಯರ್. ಮೆಷಿನ್ ಅನ್ನು ಅವನು ಮನೆಯಲ್ಲೇ ಜೋಡಿಸಿದ. ಅದರ ತಾಳವನ್ನು ಕ್ಯಾಸೆಟ್‌ಗೆ ತುಂಬಿಸಿಕೊಂಡು ಇವರು ವೇದಿಕೆ ಹತ್ತಿದರು. 15 ಹಾಡುಗಳ ಆಲ್ಬಂ ಕೆಲವೇ ದಿನಗಳಲ್ಲಿ ರೆಕಾರ್ಡ್ ಆಯ್ತು.

ಇದರಲ್ಲೇನು ದೊಡ್ಡ ವಿಷಯ, ಎರಡು ತಂತಿ ಮೀಟಿದ್ರೆ ಆಯ್ತಲ್ಲ ಅನ್ನಬಹುದು. ನಾವೂ ಮೊದಲು ಹಾಗೇ ಅಂದುಕೊಂಡ್ವಿ. ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿ. ತಪ್ಪು ಮುಚ್ಚೋಕೆ ಇಲ್ಲಿ ಗದ್ದಲವೇ ಇಲ್ಲ. ಒಂದು ಸ್ವರ ಜಾರಿದ್ರೂ ಕೇಳಿಸುತ್ತೆ. ಸರಳ ಅಂದ್ರೆ ಸುಲಭ ಅಂತಲ್ಲ.

ಈಗ ನಮ್ಮ ವಿಷಯ. ಹೋದ ವರ್ಷ ನಾವು ಮೂವರೂ ಸೇರಿ ಒಂದು ಕನ್ನಡ ಹಾಡು ಶುರು ಮಾಡಿದ್ವಿ. ಎರಡು ಚರಣಕ್ಕೆ ನಿಂತಿತು. ಡ್ರಮ್ಮರ್ ಇಲ್ಲ, ಒಳ್ಳೇ ಮೈಕ್ ಇಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ವಿ. ನಿಜ ಏನಂದ್ರೆ, ಹೆದರಿಕೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಆಡುವ ಕನ್ನಡ ಹಾಡಿಗೆ ಸಾಲಲ್ಲ ಅನ್ನೋ ಅಳುಕು. ದೊಡ್ಡ ದೊಡ್ಡ ಪದ ಹುಡುಕಿ ಹಾಕಿದ್ವಿ, ಅದು ನಮ್ಮ ಬಾಯಿಗೇ ಒಗ್ಗಲಿಲ್ಲ.

ಸ್ಟಾಟನ್ ದನಿಯಲ್ಲಿ ಅಂಥ ತೋರಿಕೆ ಇಲ್ಲ. ಮಾತಾಡುವ ಹುಡುಗಿಯೇ ಹಾಡ್ತಾಳೆ. ಎಲ್ಲ ಕೂಡಿ ಬರಲಿ ಅಂತ ಕಾಯೋದು ತಯಾರಿಯಲ್ಲ, ತಪ್ಪಿಸಿಕೊಳ್ಳೋ ದಾರಿ ಅಂತ ನಮಗೆ ಅನಿಸಿದ್ದು ಅವಳನ್ನು ಕೇಳಿದ ಮೇಲೆ. ಇರುವ ಗಿಟಾರ್, ಇರುವ ಫೋನ್, ಇರುವ ಕನ್ನಡ, ಇಷ್ಟರಲ್ಲೇ ಶುರು ಮಾಡಬೇಕು.

ತಾಳಕ್ಕೆ ಹಾಸ್ಟೆಲ್ ಮೇಜು ಇದೆ. ಒತ್ತಕ್ಷರ ತಪ್ಪಿದ್ರೆ ನೀವು ತಿದ್ದಿ. ಮೂರನೇ ಚರಣ ಮಾತ್ರ ಈ ಸಲ ಬರೆದೇ ಬರೀತೀವಿ.