ಪೇಟೆ ನುಂಗಿದ ಕ್ರಾಕೊವೊದಲ್ಲಿ ಇನ್ನೂ ಸೊಪ್ಪು ಬೆಳೆಯುತ್ತಾರೆ

ಇಟಲಿಯ ಪೂರ್ವಕ್ಕೆ, ಆಸ್ಟ್ರಿಯಾದ ಕೆಳಗೆ ಸ್ಲೊವೇನಿಯಾ ಎಂಬ ಪುಟ್ಟ ದೇಶವಿದೆ. 1991ರವರೆಗೆ ಯುಗೊಸ್ಲಾವಿಯಾದ ಭಾಗವಾಗಿತ್ತು. ಅದರ ರಾಜಧಾನಿ ಲ್ಯುಬ್ಲ್ಯಾನ. ಆ ನಗರದ ಹಳೇ ಪೇಟೆಯಿಂದ ಸ್ವಲ್ಪ ದೂರ ನಡೆದರೆ ಕ್ರಾಕೊವೊ ಸಿಗುತ್ತದೆ. ಒಂದು ಕಾಲಕ್ಕೆ ಇದು ಪೇಟೆಯ ಗೋಡೆಯಿಂದ ಹೊರಗಿದ್ದ ಮೀನುಗಾರರ ಹಳ್ಳಿ. ಈಗ ನಗರದೊಳಗಿನ ಬಡಾವಣೆ. ಆದರೂ ಮನೆಗಳ ಹಿಂದೆ ಇಣುಕಿದರೆ ತರಕಾರಿ ಮಡಿಗಳು ಕಾಣುತ್ತವೆ, ರಾಜಧಾನಿಯ ನಡುಮಧ್ಯೆ! ಹಳ್ಳಿಯನ್ನು ಪೇಟೆ ನುಂಗಿದ ಮೇಲೆ ಉಳಿಸಬೇಕಾದ್ದು ಯಾವುದು ಎಂದು ಕೇಳಿದರೆ, ಮನೆಯ ಮುಂಭಾಗಕ್ಕಿಂತ ಮೊದಲು ಹಿತ್ತಲು ಎನ್ನುತ್ತೇವೆ ನಾವು.

ಜಾಗ ಹೇಗಿದೆ ನೋಡಿ. ಪೂರ್ವಕ್ಕೆ ಲ್ಯುಬ್ಲ್ಯಾನಿತ್ಸ ಹೊಳೆ. ದಕ್ಷಿಣಕ್ಕೆ ಗುಡ್ಡದ ಕಡೆಯಿಂದ ಬಂದು ಅದನ್ನು ಸೇರುವ ಗ್ರಾದಾಶ್ಚಿತ್ಸ ಹಳ್ಳ. ಹಳ್ಳದಾಚೆ ಅವಳಿಯಂಥ ಇನ್ನೊಂದು ಹಳ್ಳಿ, ತರ್ನೊವೊ. ಮುಳ್ಳು ಎಂಬ ಮಾತಿನಿಂದ ಬಂದ ಹೆಸರದು. ಲ್ಯುಬ್ಲ್ಯಾನಿತ್ಸ ಸುಣ್ಣಕಲ್ಲಿನ ಸೀಮೆಯ ನೀರು. ನೆಲದೊಳಗೆ ಇಳಿಯುತ್ತದೆ, ಇನ್ನೊಂದು ಕಡೆ ಮೇಲೇಳುತ್ತದೆ, ಎದ್ದ ಕಡೆಯಲ್ಲೆಲ್ಲ ಬೇರೆ ಹೆಸರು. ಏಳು ಹೆಸರಿನ ಹೊಳೆ ಎಂದೇ ಖ್ಯಾತಿ. ಕಡೆಗೆ ವರ್ಹ್ನಿಕ ಎಂಬ ಊರಿನ ಬಳಿ ಬುಗ್ಗೆಯಾಗಿ ಎದ್ದು, ಜೌಗು ಬಯಲಲ್ಲಿ ನಿಧಾನಕ್ಕೆ ಹರಿದು ನಗರಕ್ಕೆ ಬರುತ್ತದೆ. ಇಳಿಜಾರು ತೀರಾ ಕಡಿಮೆ. ಹಾಗಾಗಿ ಮಳೆ ಜಾಸ್ತಿಯಾದರೆ ನೀರು ಬಯಲಲ್ಲೇ ನಿಲ್ಲುತ್ತಿತ್ತು. 1772ರಿಂದ 1780ರ ನಡುವೆ, ಗ್ರೂಬರ್ ಎಂಬ ಪಾದ್ರಿ ಹಾಕಿಕೊಟ್ಟ ಯೋಜನೆಯಂತೆ, ಕೋಟೆ ಗುಡ್ಡದ ಆ ಬದಿಗೆ ಕಾಲುವೆ ತೋಡಿದರು.

ಹೊಳೆ ನಿಧಾನವಾಗಿದ್ದರಿಂದಲೇ ದೋಣಿ ಸಾಗಾಟ ನಡೆಯಿತು. ಟ್ರಿಯೆಸ್ಟ್ ಬಂದರಿನ ಕಡೆಯಿಂದ ಗಾಡಿಯಲ್ಲಿ ವರ್ಹ್ನಿಕಕ್ಕೆ ಬಂದ ಸರಕು ಅಲ್ಲಿಂದ ದೋಣಿ ಏರುತ್ತಿತ್ತು. ತರ್ನೊವೊ ದೋಣಿಯವರ ಊರು. 1849ರಲ್ಲಿ ವಿಯೆನ್ನಾ ಕಡೆಯ ರೈಲು ಲ್ಯುಬ್ಲ್ಯಾನ ಮುಟ್ಟಿತು, 1857ರಲ್ಲಿ ಟ್ರಿಯೆಸ್ಟ್‌ವರೆಗೂ ಹೋಯಿತು. ದೋಣಿಯ ಕಸುಬು ಅಲ್ಲಿಗೆ ಕುಸಿಯಿತು.

ಉಳಿದದ್ದು ಹೆಂಗಸರ ಕಸುಬು. ಎರಡೂ ಹಳ್ಳಿಗಳ ಹೆಂಗಸರು ಹಿತ್ತಲಲ್ಲಿ ಬೆಳೆದದ್ದನ್ನು ನಗರದ ಮಾರ್ಕೆಟ್ಟಿಗೆ ಒಯ್ದು ಮಾರುತ್ತಿದ್ದರು. ಅವರಿಗೆ 'ಸೊಲಾಟಾರಿತ್ಸೆ' ಎಂಬ ಹೆಸರೇ ಬಿತ್ತು. ಸೊಲಾಟಾ ಅಂದರೆ ಹಸಿಯಾಗಿ ತಿನ್ನುವ ಲೆಟ್ಯೂಸ್ ಸೊಪ್ಪು. ಕ್ರಾಕೊವೊ ಎಂದರೆ 1869ರಲ್ಲಿ ಅಲ್ಲಿ ಹುಟ್ಟಿದ ಚಿತ್ರಕಾರ ಯಾಕೊಪಿಚ್‌ರನ್ನು ನೆನೆಯುವವರಿದ್ದಾರೆ, ನೆನೆಯಲಿ. ನಮ್ಮ ಲೆಕ್ಕದಲ್ಲಿ ಊರನ್ನು ಸಾಕಿದವರು ಸೊಪ್ಪಿನ ಹೆಂಗಸರು.

1921ರಲ್ಲಿ ತರ್ನೊವೊಗೆ ಬಂದು ನೆಲೆಸಿದ ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್ ಈ ಹೊಳೆದಂಡೆಯ ಬದುಕನ್ನು ಕಣ್ಣಾರೆ ಕಂಡವರು. ಎರಡು ಹಳ್ಳಿಗಳ ನಡುವಿನ ಹಳ್ಳಕ್ಕೆ ಅವರು ಕಟ್ಟಿದ ಸೇತುವೆಯ ಮೇಲೆ ಮರಗಳಿವೆ. ಹೊಳೆ ದಡಕ್ಕೆ ಮೆಟ್ಟಿಲು ಮಾಡಿಸಿದರು. ನಗರದ ಮಾರ್ಕೆಟ್ಟಿಗೆ 1940ರ ದಶಕದಲ್ಲಿ ಎದ್ದ ಉದ್ದನೆಯ ಕಂಬಸಾಲಿನ ಕಟ್ಟಡವೂ ಅವರದೇ. 2021ರಲ್ಲಿ ಯುನೆಸ್ಕೊ ಲ್ಯುಬ್ಲ್ಯಾನದಲ್ಲಿನ ಅವರ ಕೆಲಸಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಸೇತುವೆಯನ್ನು ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ಮಡಿ ಹಾಗಲ್ಲ. ಒಂದು ವರ್ಷ ಅಗೆಯದಿದ್ದರೆ ಕಳೆ, ನಾಲ್ಕು ವರ್ಷ ಬಿಟ್ಟರೆ ಕಾರು ನಿಲ್ಲಿಸುವ ಜಾಗ.

ಇದಕ್ಕೆ ಎದುರು ಮಾತೂ ಇದೆ, ತಳ್ಳಿಹಾಕುವಂಥದ್ದಲ್ಲ. ಅಷ್ಟು ಬೆಲೆಬಾಳುವ ಜಾಗದಲ್ಲಿ ಸೊಪ್ಪು ಬೆಳೆಯಿರಿ ಎಂದು ಮನೆಯವರಿಗೆ ಹೇಳಲು ಬೇರೆಯವರು ಯಾರು? ನೋಡುವವರ ಕಣ್ಣು ತಂಪಾಗಲಿ ಎಂದು ಯಾರೋ ಬೆನ್ನು ಬಗ್ಗಿಸಬೇಕೇ? ಕಟ್ಟಬೇಡಿ ಎಂಬ ನಿಯಮ ಹಾಕಿ ಕೈತೊಳೆದುಕೊಂಡರೆ ಅದು ಅನ್ಯಾಯವೇ. ಹಿತ್ತಲು ಉಳಿಯಬೇಕು ಎನ್ನುವ ನಗರ ಅದರ ಖರ್ಚಿನಲ್ಲೂ ಪಾಲು ಹೊರಬೇಕು. ಆ ಬೆಳೆಗೆ ಮಾರ್ಕೆಟ್ಟಿನಲ್ಲಿ ಕಡಿಮೆ ಬಾಡಿಗೆಯ ಕಟ್ಟೆ ಕೊಡಲಿ. ಮಾರಲು ಬಯಸುವವರಿಂದ ಪಾಲಿಕೆಯೇ ಮಡಿ ಕೊಂಡು, ಬೆಳೆಯುವ ಮನಸ್ಸಿರುವವರಿಗೆ ಗೇಣಿಗೆ ಕೊಡಲಿ. ಹಳ್ಳದ ಪಕ್ಕದ ಬೀದಿಯಲ್ಲಿ ಈಗ ಕಾಫಿ ಅಂಗಡಿಗಳ ಸಾಲು. ಆ ಅಂಗಡಿಗಳ ತಟ್ಟೆಗೆ ನಾಲ್ಕು ಮನೆ ಆಚೆಯ ಮಡಿಯಿಂದ ಸೊಪ್ಪು ಬರುವಂತೆ ಮಾಡುವುದು ಯುನೆಸ್ಕೊ ಪಟ್ಟಿ ಸೇರುವಷ್ಟು ಕಷ್ಟದ ಕೆಲಸವೇನಲ್ಲ.