ಮೊಜಾಂಬಿಕ್‌ಗೆ ಐದು ವರ್ಷದ ಮಾತು, ಔರಾದ್‌ಗೆ ಒಂದು ಹಂಗಾಮಿನದೂ ಇಲ್ಲ

ವಿದೇಶಾಂಗ ನೀತಿ ಅಂದರೆ ದೆಹಲಿಯವರ ಮಾತು, ನಮಗೇನು ಸಂಬಂಧ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಬೀದರಿನ ಗಾಂಧಿ ಗಂಜ್‌ನಲ್ಲಿ ತೊಗರಿ ದರ ಕುಸಿಯುವುದಕ್ಕೂ ಆಫ್ರಿಕಾದಲ್ಲಿ ಬೀಳುವ ಸಹಿಗೂ ನೇರ ನಂಟಿದೆ.

2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಸರ್ಕಾರ ಗಾಬರಿಯಾಯಿತು. 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ಒಪ್ಪಂದವಾಯಿತು: ಮೊದಲು 1 ಲಕ್ಷ ಟನ್, ಮುಂದೆ ಏರಿಸುತ್ತಾ ವರ್ಷಕ್ಕೆ 2 ಲಕ್ಷ ಟನ್ ಬೇಳೆಕಾಳು ಕೊಳ್ಳುತ್ತೇವೆ ಅಂತ. ಅಷ್ಟರಲ್ಲಿ ಏರಿದ ದರ ನೋಡಿ ನಮ್ಮ ದೇಶದ ರೈತರೇ ಬೇಕಾದಷ್ಟು ತೊಗರಿ ಬಿತ್ತಿದ್ದರು. ರಾಶಿ ಮಾಡಿ ಮಾರ್ಕೆಟಿಗೆ ತಂದರೆ 5050 ರೂಪಾಯಿ ಬೆಂಬಲ ಬೆಲೆಯೂ ಸಿಗಲಿಲ್ಲ. ಹೊರದೇಶಕ್ಕೆ ಮಾರೋಣ ಅಂದರೆ 2006ರಿಂದಲೇ ರಫ್ತಿಗೆ ನಿಷೇಧ. (ಅದನ್ನು ಹಾಕಿದ್ದು ಹಿಂದಿನ ಸರ್ಕಾರ. ಈ ತಪ್ಪಿಗೆ ಪಕ್ಷವಿಲ್ಲ.) ನಿಷೇಧ ತೆಗೆದದ್ದು 2017ರ ಸೆಪ್ಟೆಂಬರಿನಲ್ಲಿ, ಸಾಲಗಾರ ರೈತ ಮಾಲು ಮಾರಿ ಮುಗಿಸಿದ ಮೇಲೆ. ಆಮದಿಗೆ ಮಿತಿ ಹಾಕಿದ್ದೂ ಅದೇ ಆಗಸ್ಟಿನಲ್ಲಿ.

ಸರಿ, ಒಮ್ಮೆ ಎಡವಿದರು ಅನ್ನೋಣ. 2021ರಲ್ಲಿ ಮಾಡಿದ್ದೇನು? ತೊಗರಿ, ಉದ್ದು, ಹೆಸರು ಆಮದಿಗೆ ಮತ್ತೆ ಬಾಗಿಲು ತೆರೆದರು. ಮೊಜಾಂಬಿಕ್ ಒಪ್ಪಂದವನ್ನು ಇನ್ನೂ ಐದು ವರ್ಷ ಮುಂದುವರಿಸಿದರು. ಮಲಾವಿ, ಮ್ಯಾನ್ಮಾರ್ ಜೊತೆಗೂ ಹೊಸ ಒಪ್ಪಂದ ಮಾಡಿಕೊಂಡರು. ಮ್ಯಾನ್ಮಾರಿನಲ್ಲಿ ಆಗತಾನೇ ಸೇನೆ ಅಧಿಕಾರ ಕಿತ್ತುಕೊಂಡಿತ್ತು! 2023ರ ಕೊನೆಗೆ ಮೊಜಾಂಬಿಕ್‌ನ ವ್ಯಾಪಾರಿಗಳ ಜಗಳದಲ್ಲಿ ನಮಗೆ ಬರಬೇಕಾದ ತೊಗರಿ ನಕಾಲಾ ಬಂದರಿನಲ್ಲೇ ಸಿಕ್ಕಿಬಿತ್ತು. ಪರರ ಕಣಜ ನಂಬಿದರೆ ಹೀಗೇ ಆಗುವುದು ಅಂತ ಆಗಲಾದರೂ ತಿಳಿಯಬೇಕಿತ್ತು.

ತಿಳಿಯಲಿಲ್ಲ. 2025ರ ಜನವರಿಯಲ್ಲಿ ಭಾಲ್ಕಿ, ಔರಾದ್ ಹೊಲಗಳಲ್ಲಿ ರಾಶಿ ನಡೆದಿತ್ತು. ಅದೇ ತಿಂಗಳು ಸುಂಕವಿಲ್ಲದ ತೊಗರಿ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದರು. ಮಾರುಕಟ್ಟೆ ದರ 7550ರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ 8000 ಮಾಡಬೇಕಾಯಿತು. ದೆಹಲಿಯ ಸಹಿಗೆ ಬೆಂಗಳೂರಿನ ಖಜಾನೆಯಿಂದ ದಂಡ ಕಟ್ಟಿದ ಹಾಗೆ. ಅದೂ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಕಾದವರಿಗೆ ಮಾತ್ರ. ಅಡತಿ ಅಂಗಡಿಯ ಸಾಲ ತೀರಿಸಲು ಅವಸರದಲ್ಲಿ ಮಾರಿದವರಿಗೆ ಏನೂ ಇಲ್ಲ.

ಮೊಜಾಂಬಿಕ್ ರೈತರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ನಮ್ಮ ಹಾಗೆ ತುಂಡು ಹೊಲದವರು. ಪೇಟೆಯವರಿಗೆ ಬೇಳೆ ಅಗ್ಗವಾಗಿ ಸಿಗಬೇಕು ಅನ್ನುವುದೂ ನ್ಯಾಯವೇ. ನಾವು ಕೇಳುವುದು ಇಷ್ಟು: ದರ ಬೆಂಬಲ ಬೆಲೆಗಿಂತ ಇಳಿದ ದಿನ ಆಮದು ಸುಂಕ ತಾನಾಗಿ ಏರಲಿ. ಹೊರಗಿನಿಂದ ಎಷ್ಟು ತರುತ್ತೀರಿ ಅಂತ ಬಿತ್ತನೆಗೆ ಮುಂಚೆ, ಮೇ ಮುಗಿಯುವುದರೊಳಗೆ ಹೇಳಿ. ಸೋಯಾ ಸಾಲಿನ ನಡುವೆ ತೊಗರಿ ಹಾಕಬೇಕೋ ಬೇಡವೋ ಅಂತ ಔರಾದಿನ ರೈತ ಜೂನ್‌ನಲ್ಲೇ ತೀರ್ಮಾನ ಮಾಡಬೇಕು, ಜನವರಿಯಲ್ಲಿ ಅಲ್ಲ.